ಕಚೇರಿ ಬಿಟ್ಟ ಬಳಿಕ

ಮಕ್ಕಳನ್ನು ಬೆಂಗಳೂರಿಗೆ ಉದ್ಯೋಗಕ್ಕೆ ಕಳುಹಿಸಿ ಊರಿನಲ್ಲಿ ಉಳಿದಿರುವ ತಂದೆತಾಯಿಗಳಿಗೆ ಹಗಲಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಹಗಲೆಲ್ಲ ಮಕ್ಕಳು ಕಚೇರಿಯಲ್ಲಿರುವರು, ಮೇಲಧಿಕಾರಿಯ ಕಣ್ಣೆದುರಿಗಿರುವರು, ತಿಂಗಳು ಮುಗಿದೊಡನೆ ಸಂಬಳವನ್ನು ಪಡೆಯುವರು. ಇಷ್ಟು ತಿಳಿದಿದ್ದರೆ ಮನಸ್ಸಿಗೆ ಸಮಾಧಾನ. ಚಿಂತೆಯೆಲ್ಲವೂ ಕಚೇರಿಯ ಬಾಗಿಲು ಮುಚ್ಚಿದ ಮೇಲಿನದು. ಸಾಯಂಕಾಲ ಆರೂವರೆಯಿಂದ ರಾತ್ರಿ ಹನ್ನೊಂದರವರೆಗೆ ಮಗನಾಗಲಿ ಮಗಳಾಗಲಿ ಎಲ್ಲಿ ಕುಳಿತಿರುವರು, ಯಾರೊಡನೆ ಕುಳಿತಿರುವರು, ಏನನ್ನು ತಿಂದು ಏನನ್ನು ಕುಡಿಯುವರು, ಕತ್ತಲಲ್ಲಿ ಹೇಗೆ ಮನೆ ಸೇರುವರು ಎಂಬ ಪ್ರಶ್ನೆಗಳು ಮಲೆನಾಡಿನ ಎಷ್ಟೋ ಮನೆಗಳ ಜಗಲಿಯ ಮೇಲೆ ದೀಪ ಹಚ್ಚುವ ಹೊತ್ತಿಗೆ ಬಂದು ಕುಳಿತುಬಿಡುವುವು.

ನನ್ನ ತಂಗಿಯ ಮನೆಯ ಸ್ಥಿತಿಯೂ ಹೀಗೆಯೇ. ಅವಳ ಮಗಳು ಮಹಾತ್ಮ ಗಾಂಧಿ ರಸ್ತೆಯ ಸಮೀಪದಲ್ಲಿರುವ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಮೂರು ವರ್ಷಗಳಿಂದ ಕೆಲಸಕ್ಕಿದ್ದಾಳೆ. ಕಣ್ಣಿನ ಪರೀಕ್ಷೆಗಾಗಿ ನಾನು ಬೆಂಗಳೂರಿಗೆ ಹೊರಟಿರುವುದನ್ನು ಕೇಳಿ ತಂಗಿಯು, "ಅಣ್ಣಾ, ಒಂದು ಸಂಜೆ ಅವಳ ಜೊತೆಯಲ್ಲಿಯೇ ಇದ್ದು ನೋಡಿಕೊಂಡು ಬಾ. ಕೇಳಿದರೆ ‘ಫ್ರೆಂಡ್ಸ್ ಜೊತೆ ಹೊರಗಿದ್ದೆ’ ಎನ್ನುತ್ತಾಳೆ. ಹೊರಗೆ ಎಂದರೆ ಎಲ್ಲಿ? ರಾತ್ರಿ ಹತ್ತರ ಮೇಲೆ ದಿನವೂ ಫೋನು ಮಾಡುತ್ತಾಳೆ. ಮಾತಿನಲ್ಲಿ ತಲೆಯೂ ಇಲ್ಲ, ಬುಡವೂ ಇಲ್ಲ. ಊಟವಾಯಿತೆ, ಮಳೆ ಬಂತೆ, ದನಕ್ಕೆ ಹುಲ್ಲು ಹಾಕಿದಿರಾ ಎಂದು ಏನೇನೋ ಕೇಳುತ್ತ ಇದ್ದವಳು ಥಟ್ಟನೆ ಇಟ್ಟುಬಿಡುತ್ತಾಳೆ. ನನಗೇನೋ ಅನುಮಾನ" ಎಂದಳು. ಈ ದೌತ್ಯವನ್ನು ನಾನು ಗುಟ್ಟಾಗಿ ನಡೆಸಲಿಲ್ಲ. ಬೆಂಗಳೂರಿಗೆ ಬಂದೊಡನೆ ಹುಡುಗಿಗೆ ಇದ್ದುದನ್ನು ಇದ್ದಂತೆಯೇ ಹೇಳಿದೆನು. ಅವಳು ನಕ್ಕು, "ಬನ್ನಿ ಮಾವ, ಅಮ್ಮನ ಸಿ.ಐ.ಡಿ. ಆಗಿಯೇ ಬನ್ನಿ. ಶುಕ್ರವಾರ ಬನ್ನಿ, ಅವತ್ತೇ ಎಲ್ಲರೂ ಸೇರುವುದು" ಎಂದಳು.

ಆ ಶುಕ್ರವಾರ ಐದು ಗಂಟೆಗೆಲ್ಲ ನಾನು ಮೆಟ್ರೋ ರೈಲಿನಿಂದ ಇಳಿದು ರಸ್ತೆಯ ಅಂಚಿನಲ್ಲಿ ನಿಂತಿದ್ದೆನು. ಹುಡುಗಿಯ ಕಚೇರಿ ಬಿಡುವುದಕ್ಕೆ ಇನ್ನೂ ಒಂದೂವರೆ ಗಂಟೆಯ ಕಾಲವಿದ್ದಿತು. ಎಲ್ಲಿಯಾದರೂ ಕುಳಿತುಕೊಳ್ಳೋಣವೆಂದು ಸುತ್ತಲೂ ನೋಡಿದೆನು. ಬ್ಯಾಂಕುಗಳು, ಒಡವೆಯಂಗಡಿಗಳು, ಗಾಜಿನ ಗೋಡೆಯ ಕಚೇರಿಗಳು ಎಲ್ಲವೂ ಇದ್ದುವು. ಕುಳಿತುಕೊಳ್ಳುವ ಸ್ಥಳವೊಂದು ಮಾತ್ರ ಥಟ್ಟನೆ ಕಣ್ಣಿಗೆ ಬೀಳಲಿಲ್ಲ. ಹಿಂದೆ ಈ ರಸ್ತೆಯ ಒಂದು ಪಾರ್ಶ್ವದ ಉದ್ದಕ್ಕೂ ಮರಗಳ ನೆರಳಿನ ಕಾಲುದಾರಿ ಇದ್ದಿತು. ಮೆಟ್ರೋ ಕೆಲಸಕ್ಕಾಗಿ ಅದನ್ನು ಅಗೆದರು. ೨೦೧೧ರ ಅಕ್ಟೋಬರಿನಲ್ಲಿ ರೈಲು ಓಡತೊಡಗಿದ ಬಳಿಕ, ೨೦೧೩ರಲ್ಲಿ, ಹಳಿಯ ಕೆಳಗಣ ಸ್ಥಳವನ್ನು ‘ರಂಗೋಲಿ’ ಎಂಬ ಹೆಸರಿನ ಕಲಾಕೇಂದ್ರವನ್ನಾಗಿ ಮಾಡಿದರು. ಅದು ಒಳ್ಳೆಯ ಕೆಲಸವೇ ಸರಿ. ಆದರೆ ಹಳೆಯ ಮರಗಳ ಕೆಳಗೆ ಕುಳಿತವನಿಗೆ ಅದು ಅದೇ ಸ್ಥಳವೆಂದು ಹೇಳಿದರೆ ನಂಬುವುದು ಕಷ್ಟ.

ಈ ಬೀದಿಯ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುವೆನು. ಇಂಗ್ಲಿಷರು ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡನ್ನು ಸ್ಥಾಪಿಸಿದ ಮೇಲೆ, ಕವಾಯತಿನ ಮೈದಾನದ ದಕ್ಷಿಣಕ್ಕಿದ್ದ ದಾರಿಗೆ ಸೌತ್ ಪೆರೇಡ್ ಎಂದು ಹೆಸರಾಯಿತು. ೧೯೪೮ರಲ್ಲಿ ಅದಕ್ಕೆ ಮಹಾತ್ಮ ಗಾಂಧಿ ರಸ್ತೆಯೆಂದು ನಾಮಕರಣ ಮಾಡಿದರು; ಮರುವರ್ಷ ಪೇಟೆ, ದಂಡು ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುವು. ಅದಕ್ಕೆ ಮೊದಲು ಇವು ಎರಡು ಬೇರೆ ಊರುಗಳು. ಎರಡು ಬೇರೆ ಸಾಯಂಕಾಲಗಳು. ಪೇಟೆಯವರಿಗೆ ಸಂಜೆಯೆಂದರೆ ದೇವಸ್ಥಾನ, ಹರಿಕಥೆ, ಭಜನೆ, ಕಾಫಿ ಕ್ಲಬ್ಬು. ದಂಡಿನವರಿಗೆ ಬ್ಯಾಂಡು, ಸಿನಿಮಾ, ನರ್ತನ, ಪಾನ. ಅಧಿಕಾರಿಗಳ ಕ್ಲಬ್ಬು ೧೮೬೮ರಿಂದಲೂ ಇದ್ದಿತು. ದೇಶೀಯರಿಗೂ ಅಂತಹುದೊಂದು ಇರಲೆಂದು ವಿಶ್ವೇಶ್ವರಯ್ಯನವರು ೧೯೧೭ರಲ್ಲಿ ಸೆಂಚುರಿ ಕ್ಲಬ್ಬನ್ನು ಕಟ್ಟಿಸಬೇಕಾಯಿತು. ಯಾರು ಯಾರ ಪಕ್ಕದಲ್ಲಿ ಕುಳ್ಳಿರಬಹುದೆಂಬ ಕಟ್ಟು ಪೇಟೆಯಲ್ಲಿಯೂ ಕಡಿಮೆಯದಾಗಿರಲಿಲ್ಲ. ಇಂದು ಎಂ.ಟಿ.ಆರ್. ಎಂದು ಲೋಕಪ್ರಸಿದ್ಧವಾದ ಉಪಾಹಾರಗೃಹವು ೧೯೨೪ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದಿತ್ತು. ಕಾಲದ ಪದ್ಧತಿಯು ಹೆಸರಿನಲ್ಲಿಯೇ ಕಾಣುವುದು. ಹಾಗೆ ನೋಡಿದರೆ, ಪಟ್ಟಣದಲ್ಲಿ ವಿರಾಮದ ಚರಿತ್ರೆಯೆಂಬುದು ತಿಂಡಿಯ ಚರಿತ್ರೆಯಲ್ಲ; ಅದು ಕುರ್ಚಿಯ ಚರಿತ್ರೆ.

ಆರೂವರೆಗೆ ಹುಡುಗಿಯು ಬಂದಳು. ಅವಳ ಸ್ನೇಹಿತರು ಬರುವುದು ಎಂಟಕ್ಕೆಂದು ತಿಳಿದು, ಅಲ್ಲಿಯವರೆಗೆ ನಡೆದಾಡಿಕೊಂಡು ಬರೋಣವೆಂದು ಇಬ್ಬರೂ ಹಿಂದಿನ ಬೀದಿಯಾದ ಚರ್ಚ್ ಸ್ಟ್ರೀಟಿಗೆ ಇಳಿದೆವು. ೨೦೧೮ರಲ್ಲಿ ಈ ಬೀದಿಗೆ ಕಲ್ಲು ಹಾಸಿ ಕಾಲುದಾರಿಯನ್ನು ಅಗಲ ಮಾಡಿದರು. ೨೦೨೦ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ದಿನಗಳಲ್ಲಿ ವಾಹನಗಳನ್ನು ತಡೆದು ಪಾದಚಾರಿಗಳಿಗೇ ಬಿಟ್ಟುಕೊಟ್ಟಿದ್ದೂ ಉಂಟು. ನಡೆಯುವವರಿಗೆ ಇಷ್ಟಾದರೂ ಮರ್ಯಾದೆ ದೊರೆತ ಬೀದಿಗಳು ನಮ್ಮ ರಾಜಧಾನಿಯಲ್ಲಿ ಹೆಚ್ಚಾಗಿಲ್ಲ. ಬೀದಿಯುದ್ದಕ್ಕೂ ಪುಸ್ತಕದಂಗಡಿಗಳು, ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರುವ ಅಂಗಡಿಗಳೂ ಇವೆ. ಒಂದರೊಳಗೆ ಹೊಕ್ಕು ನೋಡಿದರೆ, ಕುತ್ತಿಗೆಗೆ ಕಚೇರಿಯ ಗುರುತಿನ ಪಟ್ಟಿಯನ್ನು ಇನ್ನೂ ಹಾಕಿಕೊಂಡೇ ಇದ್ದ ತರುಣರು ಕಪಾಟುಗಳ ನಡುವೆ ನೆಲದ ಮೇಲೆ ಕುಳಿತು ಓದುತ್ತಿದ್ದರು. ಅವರನ್ನು ಯಾರೂ ಏಳಿಸಲಿಲ್ಲ. ಅಂಗಡಿಯವನಿಗೆ ನನ್ನ ಮನಸ್ಸಿನಲ್ಲಿಯೇ ಕೈಮುಗಿದೆನು.

ಅಲ್ಲಿಯೇ ಮೂಲೆಯಲ್ಲಿ ನನಗೆ ವಾತ್ಸ್ಯಾಯನನ ನೆನಪಾಯಿತು. ಆ ಹೆಸರನ್ನು ಕೇಳಿದೊಡನೆ ಗೃಹಿಣಿಯರು ಈ ಪುಟವನ್ನು ಮಡಿಸಿಡಬೇಕಾಗಿಲ್ಲ. ಆತನ ಗ್ರಂಥದಲ್ಲಿ ನಾಗರಕವೃತ್ತವೆಂಬ ಒಂದು ಪ್ರಕರಣವಿರುವುದು. ನಗರದಲ್ಲಿ ಮನೆ ಮಾಡಿಕೊಂಡು ತನ್ನ ಸಂಪಾದನೆಯ ಮೇಲೆ ಬಾಳುವ ಗೃಹಸ್ಥನು ದಿನವನ್ನು ಹೇಗೆ ಕಳೆಯತಕ್ಕದ್ದೆಂಬುದೇ ಅದರ ವಿಷಯ. ವಿರಾಮದ ಕೆಲಸಗಳನ್ನು ಆತನು ಐದು ಬಗೆಯಾಗಿ ಹೇಳಿರುವನು: ದೇವತೋತ್ಸವಕ್ಕೆ ನೆರೆಯುವುದು, ಗೋಷ್ಠಿಯಲ್ಲಿ ಸೇರುವುದು, ಒಟ್ಟಿಗೆ ಪಾನ ಮಾಡುವುದು, ಉದ್ಯಾನಕ್ಕೆ ಹೋಗುವುದು, ಹಲವರು ಕೂಡಿ ಆಟವಾಡುವುದು. ಐದರಲ್ಲಿ ಒಂದೂ ಒಂಟಿಯಾಗಿ ಮಾಡುವ ಕೆಲಸವಲ್ಲವೆಂಬುದನ್ನು ಓದುಗರು ಗಮನಿಸಬೇಕು. ಚರ್ಚ್ ಸ್ಟ್ರೀಟಿನಿಂದ ಕಬ್ಬನ್ ಉದ್ಯಾನದವರೆಗಿನ ಅರ್ಧ ಹರದಾರಿಯೊಳಗೆ ಈ ಐದೂ ಇಂದಿಗೂ ದೊರೆಯುವುವು. ಉದ್ಯಾನವಂತೂ ೧೮೭೦ರಿಂದ ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಕಾಸಿಲ್ಲದೆ ಕೂರಿಸಿಕೊಂಡಿರುವುದು. ಆದರೆ ಕತ್ತಲಾದ ಮೇಲೆ ಅಲ್ಲಿ ಕುಳ್ಳಿರುವಂತಿಲ್ಲ. ಕಚೇರಿಯವರಿಗೋ ಬಿಡುವು ದೊರೆಯುವುದೇ ಕತ್ತಲಾದ ಮೇಲೆ. ೧೯೦೫ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡ ದಿನದಿಂದ ರಾತ್ರಿಯೂ ಮನುಷ್ಯನ ವ್ಯವಹಾರದ ಕಾಲವಾಯಿತು. ಹಗಲಿನ ವಿರಾಮವನ್ನು ರಾತ್ರಿಗೆ ತಳ್ಳಿದುದೂ ಅದೇ ದೀಪವೇ.

ಕಾಫಿಗೆ ಎಲ್ಲಿಗೆ ಹೋಗೋಣವೆಂದು ಹುಡುಗಿಯು ಕೇಳಿದಾಗ ನಾನು ಇಂಡಿಯಾ ಕಾಫಿ ಹೌಸಿನ ಹೆಸರನ್ನು ಹೇಳಿದೆನು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆಯಾಗಬೇಕು. ಬೆಳೆಗಾರರ ಕಾಫಿಗೆ ದೇಶದಲ್ಲಿಯೇ ಗಿರಾಕಿಗಳನ್ನು ಹುಟ್ಟಿಸಬೇಕೆಂಬ ಉದ್ದೇಶದಿಂದ ಮೊದಲನೆಯ ಕಾಫಿ ಹೌಸು ೧೯೩೬ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆಯಿತು. ಆ ಬಳಿಕ ಕಾಫಿ ಬೋರ್ಡು ದೇಶದ ನಾನಾ ಪಟ್ಟಣಗಳಲ್ಲಿ ಇವನ್ನು ನಡೆಸಿತು. ೧೯೫೦ರ ದಶಕದಲ್ಲಿ ಮುಚ್ಚಲು ನಿಶ್ಚಯಿಸಿತು. ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅಂಗಡಿಗಳನ್ನು ವಹಿಸಿಕೊಂಡರು. ಅಂತಹ ಮೊದಲನೆಯ ಸಂಘವು ೧೯೫೭ರ ಆಗಸ್ಟಿನಲ್ಲಿ ಸ್ಥಾಪಿತವಾದುದು ನಮ್ಮ ಬೆಂಗಳೂರಿನಲ್ಲಿಯೇ. ಬಡಿಸುವವನೇ ಒಡೆಯನಾದ ಹೊಟೇಲು ಅದು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸಿಗೆ ನಾನು ಮೊದಲು ಹೋದುದು ೧೯೮೭ರಲ್ಲಿ, ಉಪಾಧ್ಯಾಯರ ಹುದ್ದೆಯ ಸಂದರ್ಶನಕ್ಕಾಗಿ ಬಂದಿದ್ದಾಗ. ನಾನೂ ನನ್ನ ಸಹಪಾಠಿಯೊಬ್ಬನೂ ರಾತ್ರಿಯ ಬಸ್ಸಿಗಾಗಿ ಕಾಯಬೇಕಾಗಿದ್ದಿತು. ಜೇಬಿನಲ್ಲಿ ಬಸ್ಸಿನ ಹಣವನ್ನು ಬಿಟ್ಟರೆ ಉಳಿದದ್ದು ಒಂದು ಕಾಫಿಗೆ ಸಾಕಾಗುವಷ್ಟು. ಬಿಳಿಯ ಉಡುಪಿನ, ಬೀಸಣಿಗೆಯಂತೆ ಕೆದರಿದ ಪೇಟದ, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದ ಮಾಣಿಯು ರಾಜಸಭೆಯ ಚೋಪದಾರನಂತೆ ಬಂದು ನಿಂತಾಗ, ‘ಒನ್ ಬೈ ಟೂ’ ಎಂದು ಹೇಳುವುದಕ್ಕೆ ನಮಗೆ ನಾಚಿಕೆಯಾಯಿತು. ಆತನು ಹುಬ್ಬನ್ನೂ ಕದಲಿಸದೆ ಎರಡು ಬಟ್ಟಲುಗಳಲ್ಲಿ ಅರ್ಧರ್ಧ ಕಾಫಿಯನ್ನು ತಂದಿಟ್ಟನು. ನಾಲ್ಕು ಗಂಟೆಗೆ ಕುಳಿತವರು ಏಳು ಗಂಟೆಗೆ ಎದ್ದೆವು. ಈ ಮಧ್ಯೆ ಆತನು ಎರಡು ಬಾರಿ ನೀರನ್ನು ತಂದಿಟ್ಟನೇ ಹೊರತು ಬಿಲ್ಲನ್ನು ತರಲಿಲ್ಲ. ಪಕ್ಕದ ಮೇಜಿನಲ್ಲಿ ವಕೀಲರಿಬ್ಬರು, ಆಚೆಗೆ ಪತ್ರಿಕೆಯವನೊಬ್ಬ, ಕಿಟಕಿಯ ಬಳಿ ಚದುರಂಗದ ಸಮಸ್ಯೆಯೊಂದನ್ನು ಬಿಡಿಸುತ್ತಿದ್ದ ವೃದ್ಧರೊಬ್ಬರು. ಅರ್ಧ ಲೋಟ ಕಾಫಿಯ ಬೆಲೆಗೆ ಪಟ್ಟಣದ ಒಬ್ಬ ನಾಗರಿಕನ ಗೌರವವು ನನಗೆ ಮೂರು ಗಂಟೆಯ ಕಾಲ ದೊರೆತಿದ್ದಿತು.

ಆ ಕಾಫಿ ಹೌಸು ೨೦೦೯ರಲ್ಲಿ ಬಾಡಿಗೆಯ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದಿತು. ಅದೇ ವರ್ಷವೇ ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿಯೂ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರವು ೨೦೧೮ರ ಕೊನೆಗೆ ಕಣ್ಣು ಮುಚ್ಚಿತು. ನೆಲದ ಬೆಲೆಯು ಏರಿದಂತೆಲ್ಲ, ನಿಧಾನವಾಗಿ ಕುಳ್ಳಿರಿಸುವ ವ್ಯಾಪಾರಗಳೇ ಮೊದಲು ಏಳಬೇಕಾಗುವುದು. ಈ ಸೂತ್ರಕ್ಕೆ ಅಪವಾದವಾಗಿ ಗೆದ್ದುದು ಕುಳ್ಳಿರಿಸದ ವ್ಯಾಪಾರ: ಜಯನಗರದಲ್ಲಿ ೧೯೮೩ರಲ್ಲಿ ತೆರೆದ ಕೆಫೆ ದರ್ಶಿನಿಯನ್ನು ನೋಡಿ ಊರಲ್ಲೆಲ್ಲ ಹುಟ್ಟಿಕೊಂಡ ದರ್ಶಿನಿಗಳು. ಶುಚಿ, ರುಚಿ, ಅಗ್ಗ. ಎದುರಿಗೇ ಬೇಯಿಸಿ ಕೊಡುವರು. ಜಾತಿಯನ್ನು ಕೇಳುವುದಕ್ಕೆ ಅವಕಾಶವೇ ಇಲ್ಲ. ಇವುಗಳ ವಿಷಯದಲ್ಲಿ ನನಗೆ ಗೌರವವಿದೆ. ಆದರೆ ನಿಂತುಕೊಂಡು ಇಡ್ಲಿಯನ್ನು ತಿನ್ನಬಹುದು, ನಿಂತುಕೊಂಡು ಗೋಷ್ಠಿಯನ್ನು ನಡೆಸಲಾಗದು.

ಕಾಫಿಯ ಬಳಿಕ ಎಂಟು ಗಂಟೆಗೆ ನಾವು ಗೊತ್ತಾದ ಸ್ಥಳಕ್ಕೆ ಹೋದೆವು. ಅದು ಊಟವನ್ನೂ ಪಾನವನ್ನೂ ಒದಗಿಸುವ ಒಂದು ಮಹಡಿಯ ಅಂಗಡಿ, ಹೆಸರು ಬೇಡ. ಬಾಗಿಲಿನಲ್ಲಿದ್ದ ದೃಢಕಾಯನು ನನ್ನ ಪಂಚೆಯನ್ನೂ ಮುಖವನ್ನೂ ಒಮ್ಮೆ ನೋಡಿದನು. ೨೦೨೪ರ ಜುಲೈಯಲ್ಲಿ ಮಾಗಡಿ ರಸ್ತೆಯ ದೊಡ್ಡ ಮಳಿಗೆಯೊಂದರಲ್ಲಿ ಪಂಚೆಯುಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲವೆಂದು ಗದ್ದಲವಾಗಿ ಸರಕಾರವು ಆ ಮಳಿಗೆಯನ್ನೇ ಒಂದು ವಾರ ಮುಚ್ಚಿಸಿದ್ದು ಆತನಿಗೆ ನೆನಪಾಗಿರಬೇಕು; ಬಾಗಿಲನ್ನು ತೆರೆದು, "ಬನ್ನಿ ಸಾರ್" ಎಂದನು.

ಬೆಂಗಳೂರಿನಲ್ಲಿ ಇಂತಹ ಪಬ್ಬುಗಳು ೧೯೮೦ರ ದಶಕದಲ್ಲಿ ಈ ಬೀದಿಗಳಲ್ಲಿಯೇ ಹುಟ್ಟಿ ಹೆಸರಾದುವು; ತಮ್ಮಲ್ಲಿಯೇ ಬಿಯರನ್ನು ಭಟ್ಟಿಯಿಳಿಸಿ ಕೊಡುವ ಅಂಗಡಿಗಳು ೨೦೧೧ರ ಸುಮಾರಿಗೆ ಬಂದುವು. ಇದನ್ನು ಪರದೇಶದ ಹೊಸ ಅನಾಚಾರವೆಂದು ನಮ್ಮವರು ಬೈಯುವುದುಂಟು. ಆದರೆ ಕೌಟಿಲ್ಯನು ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ಪಾನಗೃಹದಲ್ಲಿ ಅನೇಕ ಕೋಣೆಗಳೂ, ಬೇರೆಬೇರೆಯಾದ ಆಸನಗಳೂ, ಗಂಧಮಾಲ್ಯಗಳೂ, ನೀರೂ, ಋತುವಿಗೆ ತಕ್ಕ ಸೌಖ್ಯವೂ ಇರಬೇಕೆಂದು ವಿಧಿಸಿರುವನು. ಗಿರಾಕಿಗಳ ಮೇಲೆ ಗೂಢಚಾರರ ಕಣ್ಣಿರಬೇಕೆಂದೂ ಸೇರಿಸಿರುವನು. ಆ ಸಂಜೆ ಅಲ್ಲಿ ನಾನು ಇದ್ದುದರಿಂದ ಶಾಸ್ತ್ರದ ಆ ಅಂಗಕ್ಕೂ ಲೋಪವಾಗಲಿಲ್ಲ. ಮದ್ಯವನ್ನು ನಾನು ಮೆಚ್ಚುವವನಲ್ಲ. ಅದರಿಂದ ಹಾಳಾದ ಮನೆಗಳನ್ನು ನಮ್ಮ ಊರಿನಲ್ಲಿಯೇ ಕಂಡಿರುವೆನು. ಅವು ಈ ಬೀದಿಯ ಬೆಳಕಿನಲ್ಲಿ ಹಾಳಾದುವಲ್ಲ, ನಮ್ಮ ಬಸ್ಸುನಿಲ್ದಾಣದ ಹಿಂದಣ ಕತ್ತಲಲ್ಲಿ ಹಾಳಾದುವು.

ಮೇಜಿನ ಸುತ್ತ ಐವರು ಸೇರಿದ್ದರು, ನನ್ನೊಡನೆ ಆರು. ಒಬ್ಬನು ಧಾರವಾಡದವನು, ಒಬ್ಬಳು ಕೇರಳದವಳು, ಒಬ್ಬನು ಒಡಿಶಾದವನು, ಇನ್ನೊಬ್ಬಳು ಮೈಸೂರಿನವಳು. ಅವರ ಭಾಷೆಯನ್ನು ಕೇಳಿ ನನಗೆ ಮತ್ತೆ ವಾತ್ಸ್ಯಾಯನನ ನೆನಪು. ಗೋಷ್ಠಿಯಲ್ಲಿ ಕೇವಲ ಸಂಸ್ಕೃತದಲ್ಲಿಯೇ ಆಗಲಿ ಕೇವಲ ದೇಶಭಾಷೆಯಲ್ಲಿಯೇ ಆಗಲಿ ಮಾತನಾಡದವನು ಬಹುಮಾನಕ್ಕೆ ಪಾತ್ರನಾಗುವನೆಂದು ಆತನು ಹೇಳಿರುವನು. ಇವರದು ಸಂಸ್ಕೃತದ ಸ್ಥಾನದಲ್ಲಿ ಇಂಗ್ಲಿಷು. ವಾಕ್ಯವು ಕನ್ನಡದಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬೆಳೆದು ಹಿಂದಿಯಲ್ಲಿ ಮುಗಿಯುತ್ತಿದ್ದಿತು. ಇಬ್ಬರು ಹುಡುಗರೂ ಒಬ್ಬ ಹುಡುಗಿಯೂ ಬಿಯರನ್ನು ತರಿಸಿಕೊಂಡರು. ನಮ್ಮ ಹುಡುಗಿಯು ನಿಂಬೆಹಣ್ಣಿನ ಪಾನಕವನ್ನು ಕುಡಿದಳು. ಎಂದಿನಂತೆಯೋ, ನಾನಿದ್ದುದರಿಂದಲೋ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದುದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ.

ಸಂಗೀತದ ಅಬ್ಬರದಲ್ಲಿ ಪಕ್ಕದವರ ಮಾತು ಕೇಳಿಸದು, ಕೂಗಿ ಮಾತನಾಡಬೇಕು. ಈರುಳ್ಳಿ ಟೊಮ್ಯಾಟೊ ಬೆರೆಸಿದ ಕಡಲೆಕಾಯಿಯ ಒಂದು ತಟ್ಟೆಯ ಬೆಲೆಗೆ ನಮ್ಮ ಊರಿನ ಸಂತೆಯಲ್ಲಿ ಅರ್ಧ ಚೀಲ ಕಡಲೆಕಾಯಿ ಬಾರದಿದ್ದರೂ ಎರಡು ಸೇರಂತೂ ನಿಶ್ಚಯವಾಗಿ ಬರುವುದು. ಇಷ್ಟು ಹಣವನ್ನು ಕೊಟ್ಟು, ಇಷ್ಟು ಗದ್ದಲದಲ್ಲಿ, ಇಲ್ಲಿಗೇ ಏಕೆ ಬರುವಿರಿ ಎಂದು ಧಾರವಾಡದ ಹುಡುಗನನ್ನು ಕೂಗಿಯೇ ಕೇಳಿದೆನು. ಆತನು ಸ್ವಲ್ಪ ಯೋಚಿಸಿ, "ಸರ್, ಪೀಜಿಯೊಳಗ ಒಂದು ಖೋಲಿಗೆ ಮೂರು ಮಂದಿ. ಮೂರು ಕಾಟು, ಒಂದೂ ಕುರ್ಚಿ ಇಲ್ಲ. ಗೆಳೆಯರನ್ನ ಕರಕೊಂಡು ಬರೂ ಹಂಗಿಲ್ಲ. ಎಲ್ಲಿ ಕುಂತು ಮಾತಾಡೋಣ ಹೇಳ್ರಿ" ಎಂದನು. ಉಳಿದವರೂ ಹೌದೆಂದು ತಲೆದೂಗಿದರು. ಹುಡುಗಿಯರ ವಸತಿಗಳಲ್ಲಿ ರಾತ್ರಿ ಹತ್ತೂವರೆಗೆ ಬಾಗಿಲಿಗೆ ಬೀಗ ಬೀಳುವುದಂತೆ. ಮನೆಗೆ ಹತ್ತು ಜನರು ಬಂದರೆ ಚಾಪೆಯನ್ನು ಬಿಡಿಸಿ ಕೂರಿಸಿದ ನಾವು, ನಮ್ಮ ಮಕ್ಕಳು ಸಂಬಳದ ಒಂದು ಭಾಗವನ್ನು ವ್ಯಯ ಮಾಡುತ್ತಿರುವುದು ಕುರ್ಚಿಗಾಗಿ ಎಂಬುದನ್ನು ತಿಳಿದಿರಲಿಲ್ಲ. ಬಿಯರೂ ಕಡಲೆಕಾಯಿಯೂ ಆ ಕುರ್ಚಿಯ ಬಾಡಿಗೆಗೆ ಇಟ್ಟ ಹೆಸರುಗಳು.

ಆ ಬಾಡಿಗೆಗೂ ಅವಧಿಯುಂಟು. ಒಂಬತ್ತೂಕಾಲಿಗೆ ಬಡಿಸುವ ಹುಡುಗನು ಬಂದು, ಒಂಬತ್ತೂವರೆಗೆ ಈ ಮೇಜನ್ನು ಬೇರೆಯವರು ಗೊತ್ತುಮಾಡಿಕೊಂಡಿರುವರೆಂದು ಇಂಗ್ಲಿಷಿನಲ್ಲಿ ಹೇಳಿ ಬಿಲ್ಲಿನ ಪುಸ್ತಕವನ್ನು ಮೇಜಿನ ಮೇಲಿಟ್ಟನು. ಬಿಲ್ಲಿನ ಮೊತ್ತವು ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಹೆಚ್ಚಾಗಿದ್ದಿತು. ಮಕ್ಕಳು ಅದನ್ನು ನಿಮಿಷದೊಳಗೆ ಫೋನುಗಳಲ್ಲಿಯೇ ಐದು ಪಾಲು ಮಾಡಿ ಮುಗಿಸಿದರು. ನಾನು ಜೇಬಿಗೆ ಕೈಹಾಕಿದುದನ್ನು ಯಾರೂ ನೋಡಲೂ ಇಲ್ಲ. ಸ್ನೇಹಿತರು ಕೆಳಗಿಳಿಯುತ್ತಿರುವಾಗ, ಬಡಿಸಿದ ಹುಡುಗನು ನನ್ನ ಪಂಚೆಯನ್ನು ನೋಡಿಯೋ ಏನೋ ಕನ್ನಡದಲ್ಲಿ, "ಬೇಜಾರು ಮಾಡಬೇಡಿ ಸಾರ್, ಎಬ್ಬಿಸುವುದು ನನಗೂ ಇಷ್ಟವಿಲ್ಲ" ಎಂದನು. ಊರನ್ನು ಕೇಳಿದೆನು. ಬೈಂದೂರಿನ ಕಡೆಯವನು. ಅವನ ಅಜ್ಜನೂ ಹೊಟೇಲಿನಲ್ಲಿಯೇ ಇದ್ದನಂತೆ, ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದನಂತೆ. "ನನಗೆ ರಾತ್ರಿಯೇ ಕೆಲಸ ಸಾರ್, ಶಾಲೆಗೆಲ್ಲಿ" ಎಂದು ನಕ್ಕನು.

ಅವನ ರಾತ್ರಿಯ ಲೆಕ್ಕವನ್ನು ನಾನು ವಿಚಾರಿಸಿದೆನು. ಅಂಗಡಿಗಳು ಒಂದು ಗಂಟೆಯವರೆಗೆ ತೆರೆದಿರಬಹುದೆಂದು ಸರಕಾರವು ೨೦೧೬ರಲ್ಲಿ ಅಪ್ಪಣೆ ಕೊಟ್ಟಿತು. ೨೦೨೪ರ ಆಗಸ್ಟಿನಲ್ಲಿ ನಗರದ ಹೊಟೇಲು ಅಂಗಡಿಗಳಿಗೆಲ್ಲ ಆ ಹೊತ್ತನ್ನು ಮತ್ತೆ ಆಜ್ಞಾಪಿಸಿತು. ವ್ಯಾಪಾರಿಗಳು ಸಂತೋಷಪಟ್ಟರು, ಕಚೇರಿಯ ತರುಣರಿಗೂ ಅನುಕೂಲವೇ. ಗಿರಾಕಿಯು ಒಂದಕ್ಕೆ ಎದ್ದರೆ ಹುಡುಗನು ಮೇಜನ್ನು ಒರೆಸಿ, ಕುರ್ಚಿಗಳನ್ನು ತಲೆಕೆಳಗಾಗಿಟ್ಟು ಹೊರಬೀಳುವುದು ಎರಡಕ್ಕೆ. ಮೆಟ್ರೋ ರೈಲು ಸಾಮಾನ್ಯ ದಿನಗಳಲ್ಲಿ ಹನ್ನೊಂದರ ಆಸುಪಾಸಿಗೆ ನಿಂತುಹೋಗಿ ಮತ್ತೆ ಬೆಳಗ್ಗೆ ಐದಕ್ಕೆ ಓಡತೊಡಗುವುದು. ನಡುವಣ ಹೊತ್ತಿಗೆ ಆಟೋದವನು ಕೇಳಿದಷ್ಟನ್ನು ಕೊಟ್ಟರೆ ಆ ದಿನದ ಕೂಲಿಯ ದೊಡ್ಡ ಪಾಲು ಹೋಗುವುದು. ಆದುದರಿಂದ ಐದಾರು ಹುಡುಗರು ಸೇರಿ ನಡೆದೇ ಹೋಗುವರಂತೆ, ಕೆಲವು ವೇಳೆ ಅಡಿಗೆಯ ಮನೆಯಲ್ಲಿಯೇ ಮಲಗುವರಂತೆ. ಕೌಟಿಲ್ಯನ ನಗರದಲ್ಲಿ ರಾತ್ರಿ ತೂರ್ಯಧ್ವನಿಯಾದ ಮೇಲೆ ತಿರುಗುವವನಿಗೆ ದಂಡವಿದ್ದಿತು. ಆದರೆ ಹೆರಿಗೆಯ ಮನೆಗೆ ಹೋಗುವವರು, ವೈದ್ಯರು, ಹೆಣವನ್ನು ಹೊತ್ತವರು, ದೀಪವನ್ನು ಹಿಡಿದವರು, ನಾಟಕ ನೋಡಲು ಹೊರಟವರು, ಬೆಂಕಿ ಬಿದ್ದಲ್ಲಿಗೆ ಓಡುವವರು, ಮುದ್ರೆಯುಳ್ಳವರು ಇವರನ್ನು ಹಿಡಿಯಕೂಡದೆಂದು ಆತನು ಒಂದೊಂದಾಗಿ ಎಣಿಸಿರುವನು. ಕಠಿನನೆಂದು ಹೆಸರಾದ ಆ ಬ್ರಾಹ್ಮಣನು ರಾತ್ರಿಯಲ್ಲಿ ಯಾರು ಯಾರು ಏತಕ್ಕಾಗಿ ನಡೆಯಬೇಕಾಗುವುದೆಂದು ಕುಳಿತು ಯೋಚಿಸಿದ್ದನು. ನಮ್ಮ ಆಜ್ಞೆಯು ಅಂಗಡಿಯ ಬಾಗಿಲಿನ ಹೊತ್ತನ್ನು ಹೇಳುವುದು. ಬಾಗಿಲಿನಿಂದಾಚೆಗೆ ಬಂದವನ ಕಾಲಿನ ಮಾತನ್ನು ಹೇಳುವುದಿಲ್ಲ.

ಬಾಗಿಲಿನಿಂದಾಚೆಗಿನ ಮಾತು ಹೆಣ್ಣುಮಕ್ಕಳಿಗೆ ಇನ್ನೂ ದೊಡ್ಡದು. ನನ್ನ ಎಳೆಯತನದಲ್ಲಿ ಹೊಟೇಲುಗಳಲ್ಲಿ ‘ಫ್ಯಾಮಿಲಿ ರೂಮು’ ಎಂಬ ಪರದೆ ಬಿಟ್ಟ ಗೂಡುಗಳಿದ್ದುವು. ನನ್ನ ತಂಗಿಯು ಮದುವೆಯಾದ ಹೊಸದರಲ್ಲಿ ಅಂತಹ ಒಂದರಲ್ಲಿ ಕುಳಿತು ಮಸಾಲೆದೋಸೆ ತಿಂದುದನ್ನು ಒಂದು ಸಾಹಸವೆಂಬಂತೆ ವರ್ಷಗಟ್ಟಲೆ ಹೇಳುತ್ತಿದ್ದಳು. ಅವಳ ಮಗಳು ಪರದೆಯಿಲ್ಲದೆ ನಡುಮೇಜಿನಲ್ಲಿ ಕುಳಿತು ತನ್ನ ಹಣದಲ್ಲಿ ಉಣ್ಣುವಳು. ಈ ಪರದೆ ಹೋದುದು ಒಳ್ಳೆಯದಾಯಿತೆಂದು ನಾನು ಸಂಶಯವಿಲ್ಲದೆ ಹೇಳುವೆನು. ಆದರೆ ೨೦೧೬ರ ಡಿಸೆಂಬರ್ ೩೧ರ ರಾತ್ರಿ, ಹೊಸವರ್ಷದ ಜನಸಂದಣಿಯಲ್ಲಿ ಈ ಬೀದಿಗಳಲ್ಲಿಯೇ ಹೆಣ್ಣುಮಕ್ಕಳ ಮೇಲೆ ಕೈಮಾಡಿದ ವರ್ತಮಾನವನ್ನು ದೇಶವೆಲ್ಲ ತಲೆತಗ್ಗಿಸಿ ಓದಿತು. ಆಗ ಕೆಲವರು, ಆ ಹೊತ್ತಿನಲ್ಲಿ ಹುಡುಗಿಯರು ಅಲ್ಲಿಗೆ ಹೋದುದೇ ತಪ್ಪೆಂದರು. ಪಾಠಶಾಲೆಯಲ್ಲಿ ಒಬ್ಬ ಹುಡುಗನು ಇನ್ನೊಬ್ಬನ ಬುತ್ತಿಯನ್ನು ಕಸಿದುಕೊಂಡರೆ, ಬುತ್ತಿ ತಂದವನಿಗೆ ಬೆತ್ತದ ಏಟನ್ನು ಕೊಟ್ಟ ಉಪಾಧ್ಯಾಯನನ್ನು ನಾನು ಮೂವತ್ತು ವರ್ಷಗಳಲ್ಲಿ ಕಾಣಲಿಲ್ಲ.

ಮೇಜನ್ನು ಬಿಟ್ಟ ಮೇಲೂ ಸ್ನೇಹಿತರ ಮಾತು ಮುಗಿದಿರಲಿಲ್ಲ. ಅವರು ಬೀದಿಯ ಕಲ್ಲುಕಟ್ಟೆಯೊಂದರ ಮೇಲೆ ಕುಳಿತು ಅರ್ಧ ಗಂಟೆ ಮಾತನಾಡಿದರು. ನಿಜವಾಗಿ ಹೇಳಬೇಕಾದರೆ ಅಂದಿನ ಸಂಜೆಯ ಗೋಷ್ಠಿಯೆಂದರೆ ಅದೇ. ಒಡಿಶಾದ ಹುಡುಗನು ತನ್ನ ಊರಿನ ತೇರಿನ ವರ್ಣನೆಯನ್ನು ಮಾಡಿದನು. ಕೇರಳದವಳು ಕೆಲಸ ಬಿಡಲೇ ಬೇಡವೇ ಎಂದು ನಾಲ್ವರ ಸಲಹೆಯನ್ನು ಕೇಳಿದಳು. ಒಂದು ಕಾಸೂ ವೆಚ್ಚವಾಗಲಿಲ್ಲ. ಹತ್ತು ಗಂಟೆಗೆ ಹತ್ತು ನಿಮಿಷವಿರುವಾಗ ನಮ್ಮ ಹುಡುಗಿಯು ಗಡಿಯಾರವನ್ನು ನೋಡಿ ಎದ್ದಳು.

ಇಂದಿರಾನಗರದ ನಿಲ್ದಾಣದಲ್ಲಿ ನಾವು ಇಳಿದಾಗ ಹತ್ತು ದಾಟಿದ್ದಿತು. ಅಲ್ಲಿಂದ ಅವಳ ವಸತಿಗೆ ಏಳೆಂಟು ನಿಮಿಷದ ದಾರಿ. ದೊಡ್ಡ ರಸ್ತೆಯಲ್ಲಿ ಜಾತ್ರೆಯಂತಹ ಬೆಳಕು. ಅಡ್ಡರಸ್ತೆಗೆ ತಿರುಗಿದೊಡನೆ ಕತ್ತಲು. ನಾನು ಎಣಿಸಿದೆನು: ಆರು ದೀಪದ ಕಂಬಗಳು, ಉರಿಯುತ್ತಿದ್ದುವು ಎರಡು. ಮೂಲೆಯಲ್ಲಿ ಮೋಟಾರು ಸೈಕಲ್ಲುಗಳಿಗೆ ಒರಗಿಕೊಂಡು ನಾಲ್ಕಾರು ಜನ ನಿಂತಿದ್ದರು. ಅವರು ಸಭ್ಯರೇ ಇದ್ದಿರಬಹುದು. ತಿರುವಿನಲ್ಲಿ ಹುಡುಗಿಯು, ನಾನು ಪಕ್ಕದಲ್ಲಿರುವುದನ್ನು ಮರೆತವಳಂತೆ, ಒಂದು ಕೈಯಲ್ಲಿ ಬೀಗದಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಫೋನನ್ನು ಕಿವಿಗಿಟ್ಟಳು.

"ಅಮ್ಮಾ, ಊಟ ಆಯ್ತಾ? ಮಳೆ ಬಂತಾ? ಗೌರಿ ಹಾಲು ಕೊಟ್ಟಳಾ?" ಅವಳ ಧ್ವನಿಯು ಬೇಕೆಂದೇ ಗಟ್ಟಿಯಾಗಿದ್ದಿತು. ಕಂಬದಿಂದ ಕಂಬಕ್ಕೆ ನಡೆಯುತ್ತ ಅವಳು ಕೊಟ್ಟಿಗೆಯ ವಿಷಯವನ್ನೂ, ಪಕ್ಕದ ಮನೆಯವರ ಸೀಮಂತದ ವಿಷಯವನ್ನೂ ಕೇಳಿದಳು. ವಸತಿಯ ಕಬ್ಬಿಣದ ಬಾಗಿಲು ತೆರೆಯಿತು. "ಸರಿ ಅಮ್ಮ, ಇಡ್ತೀನಿ" ಎಂದು ಫೋನನ್ನು ಇಟ್ಟು, ನನ್ನ ಮುಖವನ್ನು ನೋಡಿ, "ಅಭ್ಯಾಸ ಮಾವ. ನೀವು ಇದ್ದೀರಿ ಎಂಬುದೇ ಮರೆತುಹೋಯಿತು" ಎಂದಳು.

ಮರುದಿನ ತಂಗಿಗೆ ವರದಿಯನ್ನು ಒಪ್ಪಿಸಿದೆನು. ಪುಸ್ತಕದಂಗಡಿ, ಕಾಫಿ, ಮಹಡಿಯ ಅಂಗಡಿ, ನಿಂಬೆಹಣ್ಣಿನ ಪಾನಕ, ಸ್ನೇಹಿತರ ಬಿಯರು ಒಂದನ್ನೂ ಬಿಡದೆ ಹೇಳಿದೆನು. ಅವಳು ಬಿಯರಿನ ಮಾತಿಗೆ ನಿಟ್ಟುಸಿರುಬಿಟ್ಟು, ಫೋನಿನ ವಿಷಯವೇನು, ಯಾರ ಕಣ್ಣಿಗೆ ಮಣ್ಣೆರಚುವುದಕ್ಕೆ ಆ ಹಾಳುಹರಟೆ ಎಂದು ಕೇಳಿದಳು. ಆರು ಕಂಬಗಳ ಸಂಗತಿಯನ್ನು ತಿಳಿಸಿದೆನು. ಬಹಳ ಹೊತ್ತು ಅವಳು ಮಾತನಾಡಲಿಲ್ಲ. ಹತ್ತರ ಮೇಲೆ ಫೋನು ಬಂದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಎತ್ತಿಕೊಳ್ಳಬೇಕು, ಅವಳಾಗಿ ಇಡುವವರೆಗೆ ನೀನು ಇಡಕೂಡದು ಎಂದು ಹೇಳಿ ನಾನು ಫೋನನ್ನು ಕೆಳಗಿಟ್ಟೆನು.